ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ: ಆತ್ಮಹತ್ಯೆ ಯತ್ನಗಳ ಕುರಿತು ಜನಸಮುದಾಯ ಅಧ್ಯಯನಗಳು ತಿಳಿಸುವುದೇನು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಪತ್ರಿಕೆ ಓದುವವರಿಗೆ ಮೂರು ನುಡಿಗಟ್ಟುಗಳು ಬಾಯಿಪಾಠವಾಗಿರುತ್ತವೆ: ‘ಸಾಲಬಾಧೆ ತಾಳಲಾರದೆ’, ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’. ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬರುವ ಆತ್ಮಹತ್ಯೆಗಾಗಲಿ, ಆತ್ಮಹತ್ಯೆ ಯತ್ನಕ್ಕಾಗಲಿ ಇವುಗಳಲ್ಲೊಂದು ಕಾರಣ ಅಂಟಿಕೊಂಡಿರುತ್ತದೆ. ವರದಿಗಾರರು ಇದನ್ನು ಊಹಿಸಿ ಬರೆಯುವುದಿಲ್ಲ. ಠಾಣೆಯಲ್ಲಿ ದಾಖಲಾದ ದೂರಿನಲ್ಲಿಯೇ ಹಾಗಿರುತ್ತದೆ, ಮತ್ತು ಆ ದೂರು ದುಃಖ, ಗಾಬರಿ, ಮರ್ಯಾದೆಯ ಅಂಜಿಕೆ ಎಲ್ಲವೂ ಒಟ್ಟಿಗೆ ಕವಿದಿರುವ ಹೊತ್ತಿನಲ್ಲಿ ಮನೆಯವರು ಹೇಳಿದ ಮೊದಲ ಮಾತು. ಅದೇ ಮಾತು ಮುಂದೆ ಸಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ಕೋಷ್ಟಕವನ್ನು ಸೇರುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳಲ್ಲಿ ಶೇ 31.7ಕ್ಕೆ ಕೌಟುಂಬಿಕ ಸಮಸ್ಯೆಯೂ ಶೇ 18.4ಕ್ಕೆ ಅನಾರೋಗ್ಯವೂ ಕಾರಣವೆಂದು ಆ ಕೋಷ್ಟಕ ಹೇಳುತ್ತದೆ. ಒಂದು ಸಾವಿಗೆ ಒಂದು ಕಾರಣ, ಒಂದು ಕಾರಣಕ್ಕೆ ಒಂದು ಮನೆ ಎಂಬುದು ಅದರ ಲೆಕ್ಕ. ‘ಹೊಟ್ಟೆನೋವಿನ’ ಹಿಂದೆ ಎಷ್ಟು ವರ್ಷಗಳ ಕುಡಿತವಿತ್ತು, ಎಷ್ಟು ತಿಂಗಳ ನಿದ್ದೆಗೇಡಿತ್ತು, ಅದಕ್ಕೂ ಹಿಂದೆ ಒಮ್ಮೆ ಯತ್ನ ನಡೆದಿತ್ತೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ.

ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ, ಯಾರಲ್ಲಿ ಅಪಾಯ ಹೆಚ್ಚು, ಬದುಕುಳಿದವರ ಆರೋಗ್ಯ ಮುಂದೆ ಏನಾಗುತ್ತದೆ ಎಂದು ಕೇಳುವ ಜನಸಮುದಾಯ ಅಧ್ಯಯನಗಳು ಹುಟ್ಟಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ. ಅವುಗಳ ಅಂಕಿಗಳನ್ನು ತಪ್ಪಾಗಿ ಓದುವುದು ಸುಲಭವಾದ್ದರಿಂದ, ಅವು ಹೇಗೆ ಸಿದ್ಧವಾಗುತ್ತವೆ ಎಂಬುದನ್ನು ಮೊದಲು ನೋಡಬೇಕು.

ಪ್ರಮಾಣದಿಂದ ಆರಂಭಿಸೋಣ. 2022ರಲ್ಲಿ ಕರ್ನಾಟಕದಲ್ಲಿ 13,606 ಆತ್ಮಹತ್ಯೆಗಳು ದಾಖಲಾದವು. ರಾಜ್ಯದ ಜನಸಂಖ್ಯೆಯಿಂದ ಭಾಗಿಸಿದರೆ ಇದು ಲಕ್ಷಕ್ಕೆ ಸುಮಾರು 20. ಅದೇ ವರ್ಷದ ರಾಷ್ಟ್ರೀಯ ದರ 12.4. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ಸುಮಾರು 30,000 ಜನ ಎಂದು ಹಿಡಿದರೆ, ರಾಜ್ಯದ ಸರಾಸರಿಯಂತೆ ಅಲ್ಲಿ ವರ್ಷಕ್ಕೆ 6 ಸಾವುಗಳಾಗುತ್ತವೆ. ಒಂದು ಸಾವಿಗೆ ಪ್ರತಿಯಾಗಿ 20ಕ್ಕೂ ಹೆಚ್ಚು ಯತ್ನಗಳು ನಡೆಯುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲ ಅಂದಾಜು. ಆ ಅನುಪಾತ ವಯಸ್ಸು, ಲಿಂಗ, ಪ್ರದೇಶಗಳಿಗೆ ತಕ್ಕಂತೆ ಬದಲಾಗುತ್ತದೆ. ಅದನ್ನೇ ಅನ್ವಯಿಸಿದರೆ ಅದೇ 30,000 ಜನರ ನಡುವೆ ವರ್ಷಕ್ಕೆ 120 ಯತ್ನಗಳು. ಇದು ಯಾವುದೇ ಹೋಬಳಿಯ ನಿಜವಾದ ಅಂಕಿಯಲ್ಲ, ಕೇವಲ ಕಾಗದದ ಲೆಕ್ಕ. ಆದರೂ ಚಿತ್ತಾಪುರದ್ದೋ ಹುಮನಾಬಾದದ್ದೋ ಸುರಪುರದ್ದೋ ಒಬ್ಬ ವೈದ್ಯಾಧಿಕಾರಿಯನ್ನು ‘ನಿಮ್ಮ ವ್ಯಾಪ್ತಿಯಲ್ಲಿ ಕಳೆದ ವರ್ಷ ಎಷ್ಟು ಯತ್ನಗಳಾದವು?’ ಎಂದು ಕೇಳಿದರೆ 120ರ ಸನಿಹದ ಸಂಖ್ಯೆ ಅವರ ವಹಿಯಲ್ಲಿ ಸಿಗುವುದು ಕಷ್ಟ. ಕಾಗದದ ಲೆಕ್ಕಕ್ಕೂ ವಹಿಯ ಲೆಕ್ಕಕ್ಕೂ ನಡುವಿನ ಅಂತರವೇ ಈ ವಿಷಯದ ಮೊದಲ ಸಂಶೋಧನಾ ಪ್ರಶ್ನೆ.

ಆ ಅಂತರಕ್ಕೆ ಕಾನೂನೂ ಒಂದು ಕಾರಣವಾಗಿತ್ತು. ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಆತ್ಮಹತ್ಯೆ ಯತ್ನಕ್ಕೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಆಸ್ಪತ್ರೆಗೆ ಬಂದರೆ ‘ಎಂಎಲ್‌ಸಿ’ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಆಗುತ್ತದೆ, ಪೊಲೀಸರು ಬರುತ್ತಾರೆ, ಊರಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರೆ ಸಂಬಂಧ ತಪ್ಪುತ್ತದೆ ಎಂದುಕೊಂಡ ಮನೆಯವರು ‘ತಿಳಿಯದೆ ಆಯಿತು’ ಎಂದೇ ಬರೆಸುತ್ತಿದ್ದರು. ಇಂದಿಗೂ ಹಾಗೆ ಬರೆಸುವವರಿದ್ದಾರೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ತನ್ನ 115ನೇ ಕಲಮಿನಲ್ಲಿ, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷೆಗೆ ಗುರಿಪಡಿಸಬಾರದು ಎಂದು ಹೇಳಿತು; ಅದಕ್ಕಿಂತ ಮುಖ್ಯವಾಗಿ, ಯತ್ನ ಮರುಕಳಿಸದಂತೆ ಆರೈಕೆಯನ್ನೂ ಪುನರ್ವಸತಿಯನ್ನೂ ಒದಗಿಸುವುದು ಸರ್ಕಾರದ ಕರ್ತವ್ಯವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ಕ್ಕೆ ಸಮನಾದ ಕಲಮೇ ಇಲ್ಲ; ಸರ್ಕಾರಿ ನೌಕರನ ಕರ್ತವ್ಯವನ್ನು ತಡೆಯಲು ಅಥವಾ ಅವನನ್ನು ಒತ್ತಾಯಿಸಲು ನಡೆಸುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಕಾನೂನು ಬದಲಾದಷ್ಟು ಬೇಗ ಭಯ ಬದಲಾಗುವುದಿಲ್ಲ ಎಂಬುದನ್ನು ನಮ್ಮ ಭಾಗದ ತುರ್ತುಚಿಕಿತ್ಸಾ ಕೊಠಡಿಯ ಹೊರಗೆ ಒಂದು ರಾತ್ರಿ ನಿಂತವರು ಬಲ್ಲರು.

ಸಾವುಗಳ ಲೆಕ್ಕದಲ್ಲೂ ಇಂಥದೇ ಸೋರಿಕೆಯಿದೆ. ದೇಶದಾದ್ಯಂತ ಮಾದರಿ ಮನೆಗಳಿಗೆ ಹೋಗಿ, ಅಲ್ಲಿ ಸಂಭವಿಸಿದ ಪ್ರತಿ ಸಾವಿನ ಬಗ್ಗೆ ಮನೆಯವರೊಂದಿಗೆ ಮಾತಾಡಿ, ಆ ವಿವರವನ್ನು ವೈದ್ಯರಿಂದ ಪರಿಶೀಲಿಸಿ ಕಾರಣ ನಿರ್ಧರಿಸಿದ ‘ದಶಲಕ್ಷ ಸಾವುಗಳ ಅಧ್ಯಯನ’ವು 2010ರಲ್ಲಿ ಭಾರತದಲ್ಲಿ ಸುಮಾರು 1,87,000 ಆತ್ಮಹತ್ಯೆಗಳಾದವೆಂದು ಅಂದಾಜಿಸಿತು. ಅದೇ ವರ್ಷ ಪೊಲೀಸ್ ದಾಖಲೆಯಲ್ಲಿದ್ದುದು 1,34,599.

ಇನ್ನು ಅಪಾಯಕಾರಿ ಅಂಶಗಳ ವಿಷಯ. ಒಂದು ಅಂಶ ಅಪಾಯವನ್ನು ಹೆಚ್ಚಿಸುತ್ತದೆ ಎನ್ನಬೇಕಾದರೆ ಅದು ತೊಂದರೆಗೊಳಗಾದವರಲ್ಲಿ ಕಂಡರೆ ಸಾಲದು. ತೊಂದರೆಗೊಳಗಾಗದವರಲ್ಲಿ ಅದು ಕಡಿಮೆಯಿದೆ ಎಂಬುದನ್ನೂ ತೋರಿಸಬೇಕು. ಸಾಲ ಮಾಡಿದ ಕೃಷಿಕ ತೀರಿಹೋದನೆಂಬುದು ಸತ್ಯವಾದರೂ, ಸಾಲವಿದ್ದೂ ಬದುಕಿರುವ ನೂರಾರು ಕೃಷಿಕರು ಅದೇ ಊರಲ್ಲಿದ್ದಾರೆ. ಈ ಹೋಲಿಕೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದರು: ಆತ್ಮಹತ್ಯೆಯಿಂದ ತೀರಿಹೋದ 269 ಜನರ ಬದುಕನ್ನು 269 ಜೀವಂತ ವ್ಯಕ್ತಿಗಳ ಬದುಕಿನೊಂದಿಗೆ ಇಟ್ಟು ನೋಡಿದರು. ಎರಡು ಗುಂಪುಗಳ ನಡುವೆ ಎಲ್ಲಕ್ಕಿಂತ ದೊಡ್ಡ ಅಂತರ ಕಂಡದ್ದು ಹಿಂದೆ ಒಮ್ಮೆ ಯತ್ನಿಸಿದ್ದರೇ ಎಂಬ ಪ್ರಶ್ನೆಯಲ್ಲಿ. ದಾಂಪತ್ಯ ಕಲಹ, ಮದ್ಯವ್ಯಸನ, ಮಾನಸಿಕ ಅಸ್ವಸ್ಥತೆ, ಹಠಾತ್ ಆರ್ಥಿಕ ಕುಸಿತ, ಕೌಟುಂಬಿಕ ಹಿಂಸೆ, ನಿರುದ್ಯೋಗ ಇವು ನಂತರದ ಸ್ಥಾನಗಳಲ್ಲಿದ್ದವು. ಮನೆಯವರ ನೆನಪನ್ನು ನಂಬಿ ನಡೆಯುವ ಇಂಥ ಅಧ್ಯಯನಕ್ಕೆ ಮಿತಿಯಿದೆ. ತೀರಿಹೋದವರ ಬಗ್ಗೆ ಕಾರಣ ಹುಡುಕಿ ಹುಡುಕಿ ನೆನಪಿಸಿಕೊಳ್ಳುವ ಮನೆಯವರು, ಬದುಕಿರುವವರ ಬಗ್ಗೆ ಅಷ್ಟು ಆಳವಾಗಿ ನೆನಪಿಸಿಕೊಳ್ಳುವುದಿಲ್ಲ. ಹಾಗಿದ್ದರೂ ಹಿಂದಿನ ಯತ್ನದ ತೂಕ ಬೇರೆ ದೇಶಗಳ, ಬೇರೆ ವಿಧಾನಗಳ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಂಡಿರುವುದರಿಂದ ಆ ತೀರ್ಮಾನ ಗಟ್ಟಿಯಾಗಿ ನಿಂತಿದೆ.

ಪಾಲು ಬೇರೆ, ಅಪಾಯ ಬೇರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ತೊಗರಿಯ ಕಣಜವೆನಿಸಿದ ನಮ್ಮ ಭಾಗದಲ್ಲಿ ಆತ್ಮಹತ್ಯೆ ಎಂದೊಡನೆ ರೈತನ ಚಿತ್ರವೇ ಮನಸ್ಸಿಗೆ ಬರುತ್ತದೆ. ನೆಟೆ ರೋಗಕ್ಕೆ ಹೊಲ ಒಣಗಿ ನಿಂತುದನ್ನು ಕಂಡವರಿಗೆ ಅದು ಸಹಜ. 2022ರ ರಾಷ್ಟ್ರೀಯ ದಾಖಲೆಯಲ್ಲಿ ಕೃಷಿ ವಲಯದವರು, ಅಂದರೆ ರೈತರು ಮತ್ತು ಕೃಷಿ ಕಾರ್ಮಿಕರು ಸೇರಿ, 11,290. ಗೃಹಿಣಿಯರು 25,309. ದಿನಗೂಲಿಯವರು ಒಟ್ಟು ಸಾವುಗಳ ಶೇ 26ಕ್ಕಿಂತ ಹೆಚ್ಚು. ಇದರಿಂದ ಗೃಹಿಣಿಯರ ಅಪಾಯ ರೈತರ ಅಪಾಯಕ್ಕಿಂತ ಇಮ್ಮಡಿ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ದೇಶದಲ್ಲಿ ಗೃಹಿಣಿಯರ ಸಂಖ್ಯೆಯೇ ಬಹಳ ದೊಡ್ಡದು. ಭಾಗಿಸಬೇಕಾದ ಛೇದ ತಿಳಿಯದೆ ದರ ತಿಳಿಯುವುದಿಲ್ಲ. ಆದರೆ ಯಾರ ಸಾವಿಗೆ ಪರಿಹಾರದ ಅರ್ಜಿಯಿದೆಯೋ ಅವರ ಸಾವು ಮಾತ್ರ ಸಾರ್ವಜನಿಕ ಚರ್ಚೆಯಾಗುತ್ತದೆ ಎಂಬುದನ್ನು ಈ ಅಂಕಿಗಳು ಮರೆಯಲು ಬಿಡುವುದಿಲ್ಲ. ಬೇಗ ಮದುವೆಯಾಗಿ, ತವರಿನಿಂದ ದೂರವಾಗಿ, ಕುಡಿದು ಹೊಡೆಯುವ ಗಂಡನೊಂದಿಗೆ ತಾಂಡಾದಲ್ಲೋ ಓಣಿಯಲ್ಲೋ ಬದುಕುವ ಇಪ್ಪತ್ತು ವರ್ಷದ ಹೆಣ್ಣುಮಗಳು ಆ ಚರ್ಚೆಯಲ್ಲಿ ಕಾಣಿಸುವುದೇ ಅಪರೂಪ. 2016ರಲ್ಲಿ ಜಗತ್ತಿನ ಮಹಿಳೆಯರ ಆತ್ಮಹತ್ಯೆಗಳಲ್ಲಿ ಶೇ 36.6ರಷ್ಟು ಭಾರತದಲ್ಲಿಯೇ ಆದವೆಂದು ಜಾಗತಿಕ ರೋಗಹೊರೆ ಅಧ್ಯಯನ ಅಂದಾಜಿಸಿದೆ.

ಮಾನಸಿಕ ಅಸ್ವಸ್ಥತೆಯ ಪಾತ್ರದ ಬಗ್ಗೆ ಪಶ್ಚಿಮದ ದೇಶಗಳ ಅಧ್ಯಯನಗಳಿಗೂ ಏಷ್ಯಾದ ಅಧ್ಯಯನಗಳಿಗೂ ವ್ಯತ್ಯಾಸವಿದೆ. ಅಲ್ಲಿ ತೀರಿಹೋದವರಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತೆಂದು ಕಂಡುಬಂದಿದ್ದರೆ, ಚೀನಾ ಮತ್ತು ಭಾರತದ ಅನೇಕ ಅಧ್ಯಯನಗಳಲ್ಲಿ ಆ ಪ್ರಮಾಣ ಕಡಿಮೆ. ಇಲ್ಲಿ ಕ್ಷಣದ ಆವೇಗದಲ್ಲಿ ನಡೆಯುವ ಯತ್ನಗಳು ಹೆಚ್ಚು. ಬೇಸಾಯದ ಮನೆಯಲ್ಲಿ ಅಪಾಯಕಾರಿ ವಸ್ತು ಕೈಗೆಟುಕುವಂತಿರುವುದು ಅಂಥ ಕ್ಷಣವನ್ನು ಪ್ರಾಣಾಂತಿಕವಾಗಿಸುತ್ತದೆ. ಇದರ ಅರ್ಥ ಖಿನ್ನತೆ ಮುಖ್ಯವಲ್ಲವೆಂದಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 70ರಿಂದ ಶೇ 92ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ ಎಂದು ತಿಳಿಯಿತು.

ಅಪಾಯಕಾರಿ ವಸ್ತು ಕೈಗೆಟುಕುವುದು ಎಷ್ಟು ಮುಖ್ಯವೆಂಬುದನ್ನು ಶ್ರೀಲಂಕಾದ ಅನುಭವ ಎಲ್ಲಕ್ಕಿಂತ ಚೆನ್ನಾಗಿ ತಿಳಿಸುತ್ತದೆ. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಆತ್ಮಹತ್ಯೆ ದರ ಲಕ್ಷಕ್ಕೆ 50ನ್ನು ದಾಟಿ ಜಗತ್ತಿನ ಅತಿ ಹೆಚ್ಚಿನ ದರಗಳಲ್ಲಿ ಒಂದಾಗಿತ್ತು. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ದರ ಸುಮಾರು ಶೇ 70ರಷ್ಟು ಇಳಿಯಿತು. ಬೆಳೆಯ ಇಳುವರಿ ಅದರಿಂದ ಕುಸಿಯಲಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಆಸ್ಪತ್ರೆ ಸೇರುವವರ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಸೇರಿದವರಲ್ಲಿ ಬದುಕುಳಿಯುವವರ ಪ್ರಮಾಣ ಏರಿತು. ಜನರ ಸಂಕಟ ಒಮ್ಮೆಲೇ ಕರಗದಿದ್ದರೂ ಆ ಸಂಕಟದ ಕ್ಷಣ ಸಾವಾಗಿ ಕೊನೆಗೊಳ್ಳುವುದು ತಪ್ಪಿತು. ಭಾರತ ಸರ್ಕಾರವೂ 2018ರಲ್ಲಿ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಮನೆಮನೆಗೆ ಬೀಗವಿರುವ ಪೆಟ್ಟಿಗೆ ಕೊಟ್ಟರೆ ಸಾಕಲ್ಲವೇ ಎಂಬ ಪ್ರಶ್ನೆಯನ್ನು ಶ್ರೀಲಂಕಾದಲ್ಲೇ 180 ಹಳ್ಳಿಗಳ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೆಟ್ಟಿಗೆಯಿದ್ದ ಹಳ್ಳಿಗಳಿಗೂ ಇಲ್ಲದವಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದು ಇಡೀ ಜನಸಮುದಾಯದ ಮಟ್ಟದ ತೀರ್ಮಾನ. ಮನೆಯಲ್ಲಿ ಒಬ್ಬರು ಈಗ ಸಂಕಟದಲ್ಲಿದ್ದಾರೆಂದು ತಿಳಿದಿರುವಾಗ ಅಂಥ ವಸ್ತುಗಳನ್ನು ಮನೆಯಿಂದಲೇ ದೂರ ಸಾಗಿಸಬೇಕೆಂಬ ವೈದ್ಯರ ಸಲಹೆಯನ್ನು ಇದು ಅಲ್ಲಗಳೆಯುವುದಿಲ್ಲ. ಊರಿಗೆ ಅನ್ವಯಿಸುವ ಮಾತನ್ನು ಒಬ್ಬ ವ್ಯಕ್ತಿಗೂ, ಒಬ್ಬರಿಗೆ ಅನ್ವಯಿಸುವುದನ್ನು ಊರಿಗೂ ಹಾಗೆಯೇ ಹೊಂದಿಸಿಬಿಡುವುದು ಈ ಕ್ಷೇತ್ರದ ಅಂಕಿಗಳನ್ನು ಓದುವಾಗ ಆಗುವ ಸಾಮಾನ್ಯ ತಪ್ಪು.

ಬದುಕುಳಿದವರ ಮುಂದಿನ ದಿನಗಳ ಬಗ್ಗೆ ನಮ್ಮಲ್ಲಿ ಎರಡು ನಂಬಿಕೆಗಳಿವೆ. ಒಂದು, ‘ಒಮ್ಮೆ ಸಾವಿನ ಬಾಗಿಲು ನೋಡಿ ಬಂದವರು ಮತ್ತೆ ಆ ಕಡೆ ಹೋಗುವುದಿಲ್ಲ’. ಇನ್ನೊಂದು ಅದಕ್ಕೆ ತದ್ವಿರುದ್ಧ: ‘ಒಮ್ಮೆ ಮಾಡಿದವರು ಮಾಡಿಯೇ ತೀರುತ್ತಾರೆ’. ಅಧ್ಯಯನಗಳು ಎರಡನ್ನೂ ಒಪ್ಪುವುದಿಲ್ಲ. ಸ್ವಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರನ್ನು ಅನುಸರಿಸಿದ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅಂಥ 1,000 ಜನರಲ್ಲಿ ಒಂದು ವರ್ಷದೊಳಗೆ ಸುಮಾರು 160 ಜನ ಮತ್ತೆ ಸ್ವಹಾನಿ ಮಾಡಿಕೊಳ್ಳುತ್ತಾರೆ, ಸುಮಾರು 16 ಜನ ಆತ್ಮಹತ್ಯೆಯಿಂದ ತೀರಿಹೋಗುತ್ತಾರೆ. ಐದು ವರ್ಷಗಳಲ್ಲಿ ಆ ಸಂಖ್ಯೆ 39 ಆಗುತ್ತದೆ. ಲಕ್ಷಕ್ಕೆ 20ರ ಸಾಮಾನ್ಯ ದರದೊಂದಿಗೆ ಹೋಲಿಸಿದರೆ ಮೊದಲ ವರ್ಷದ ಅಪಾಯ ಸುಮಾರು 80 ಪಟ್ಟು. ಅದೇ ಅಂಕಿಯನ್ನು ಇನ್ನೊಂದು ಮಗ್ಗುಲಿನಿಂದ ಓದಿದರೆ, ಐದು ವರ್ಷಗಳ ನಂತರವೂ 1,000ದಲ್ಲಿ 961 ಜನ ಆತ್ಮಹತ್ಯೆಗೆ ಬಲಿಯಾಗಿರುವುದಿಲ್ಲ. ‘80 ಪಟ್ಟು’ ಎಂಬುದು ಆರೋಗ್ಯ ಇಲಾಖೆ ಕೇಳಿಸಿಕೊಳ್ಳಬೇಕಾದ ಅಂಕಿ. ‘961’ ಎಂಬುದು ಆ ವ್ಯಕ್ತಿಯೂ ಮನೆಯವರೂ ಕೇಳಿಸಿಕೊಳ್ಳಬೇಕಾದ ಅಂಕಿ. ಪತ್ರಿಕೆಗಳ ‘ವಿಫಲ ಯತ್ನ’ ಎಂಬ ಪ್ರಯೋಗ ಇವೆರಡಕ್ಕೂ ಅನ್ಯಾಯ ಮಾಡುತ್ತದೆ; ಬದುಕುಳಿಯುವುದು ಯಾರ ವೈಫಲ್ಯವೂ ಅಲ್ಲ.

ಅಪಾಯ ಮರುಯತ್ನದ ರೂಪದಲ್ಲಿ ಮಾತ್ರ ಬರುವುದಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್ ಮತ್ತು ಡರ್ಬಿ ನಗರಗಳ ಆಸ್ಪತ್ರೆಗಳಿಗೆ ಬಂದ 30,950 ಜನರನ್ನು ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಸಹಜ ಕಾಯಿಲೆಗಳಿಂದ ತೀರಿಹೋಗುವುದೂ ನಿರೀಕ್ಷೆಗಿಂತ ಎರಡರಿಂದ ಏಳೂವರೆ ಪಟ್ಟು ಹೆಚ್ಚೆಂದು ಕಂಡುಬಂತು. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಜನಿಸಿದ 1,037 ಮಕ್ಕಳನ್ನು ಇಂದಿಗೂ ಅನುಸರಿಸುತ್ತಿರುವ ಅಧ್ಯಯನವಿದೆ. ಅವರಲ್ಲಿ 24ನೇ ವಯಸ್ಸಿನೊಳಗೆ ಆತ್ಮಹತ್ಯೆಗೆ ಯತ್ನಿಸಿದ್ದ 91 ಜನ 38ನೇ ವಯಸ್ಸಿಗೆ ಹೇಗಿದ್ದರೆಂದು ನೋಡಿದಾಗ, ಬೊಜ್ಜು, ರಕ್ತದೊತ್ತಡ, ಸಕ್ಕರೆ ಏರುಪೇರುಗಳು ಒಟ್ಟಾಗಿ ಕಾಣುವ ಸ್ಥಿತಿ ಉಳಿದವರಿಗಿಂತ ಹೆಚ್ಚಾಗಿತ್ತು. ನಿರುದ್ಯೋಗ, ಒಂಟಿತನ, ಮಾನಸಿಕ ಕಾಯಿಲೆಗಳೂ ಹೆಚ್ಚಾಗಿದ್ದವು. ಯತ್ನವೇ ಮುಂದೆ ರಕ್ತದೊತ್ತಡ ತಂದಿತೆಂದು ಇದರ ಅರ್ಥವಲ್ಲ. ಬಾಲ್ಯದ ಕಷ್ಟ, ಬಡತನ, ಖಿನ್ನತೆ, ತಂಬಾಕು, ಮದ್ಯ ಇವು ಎರಡಕ್ಕೂ ಮೂಲವಾಗಿರಬಹುದು. ಆ ಅಧ್ಯಯನ ಸಾಮಾಜಿಕ ಹಿನ್ನೆಲೆಯನ್ನೂ ಯೌವನದ ಮಾನಸಿಕ ಕಾಯಿಲೆಗಳನ್ನೂ ಲೆಕ್ಕಕ್ಕೆ ಹಿಡಿದೇ ನೋಡಿತು. ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು. ಯತ್ನವೊಂದು ಇಡೀ ಬದುಕಿನ ಆರೋಗ್ಯ ಯಾವ ದಿಕ್ಕಿಗೆ ಸಾಗಿದೆ ಎಂಬುದನ್ನು ತೋರಿಸುವ ಗುರುತು ಎಂದು ಸಂಶೋಧಕರು ಇದನ್ನು ಅರ್ಥೈಸುತ್ತಾರೆ. ಮೈಗೆ ಆದ ವಿಷಬಾಧೆ ಇಳಿದೊಡನೆ ಡಿಸ್ಚಾರ್ಜ್ ಕಾರ್ಡ್ ಕೊಟ್ಟು ಕಳಿಸುವ ಪದ್ಧತಿಗೂ ಈ ತಿಳಿವಳಿಕೆಗೂ ಬಹಳ ದೂರ.

ಇಷ್ಟೆಲ್ಲ ತಿಳಿದ ಮೇಲೆ, ಮುಂದೆ ಯಾರು ಯತ್ನಿಸುತ್ತಾರೆಂದು ಮೊದಲೇ ಗುರುತಿಸಬಹುದಲ್ಲವೇ? ಐವತ್ತು ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಪರಿಶೀಲಿಸಿದ 2017ರ ವಿಶ್ಲೇಷಣೆಯ ಉತ್ತರ ನಿರಾಶಾದಾಯಕವಾಗಿತ್ತು: ಯಾವ ಒಂದು ಅಂಶವನ್ನು ಹಿಡಿದು ಮಾಡಿದ ಭವಿಷ್ಯವೂ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ತುಸು ಮಾತ್ರ ಮೇಲು. ಇದಕ್ಕೆ ಗಣಿತವೇ ಕಾರಣ. ನಮ್ಮ 30,000 ಜನರ ಉದಾಹರಣೆಗೆ ಮರಳಿದರೆ, ತೀರಿಹೋಗುವ 6 ಜನರಲ್ಲಿ 5 ಜನರನ್ನು ಮೊದಲೇ ಹಿಡಿಯುವ, ಉಳಿದವರಲ್ಲಿ ಶೇ 10ರಷ್ಟು ಜನರನ್ನು ಮಾತ್ರ ತಪ್ಪಾಗಿ ಗುರುತಿಸುವ ಪ್ರಶ್ನಾವಳಿಯೊಂದಿದೆ ಎಂದು ಭಾವಿಸೋಣ. ಅದು ಸುಮಾರು 3,005 ಜನರತ್ತ ಬೆರಳು ತೋರಿಸುತ್ತದೆ. ಅವರಲ್ಲಿ 3,000 ಜನರ ವಿಷಯದಲ್ಲಿ ಅದು ತಪ್ಪು. ಆದ್ದರಿಂದ ‘ಕಡಿಮೆ ಅಪಾಯ’ ಎಂದು ಚೀಟಿ ಬರೆದು ಕೆಲವರನ್ನು ಮನೆಗೆ ಕಳಿಸಿ, ‘ಹೆಚ್ಚು ಅಪಾಯ’ದವರನ್ನು ಮಾತ್ರ ನೋಡುವ ಕ್ರಮವನ್ನು ಈ ಸಾಕ್ಷ್ಯ ಬೆಂಬಲಿಸುವುದಿಲ್ಲ. ಯತ್ನಿಸಿ ಬಂದವರೆಲ್ಲರನ್ನೂ ಅನುಸರಿಸಬೇಕೆಂದೇ ಅದು ಸೂಚಿಸುತ್ತದೆ.

ಎಲ್ಲರನ್ನೂ ಅನುಸರಿಸುವುದು ದುಬಾರಿ ಎನ್ನುವವರಿಗೆ ಉತ್ತರ ನಮ್ಮ ನೆರೆಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ, ಬ್ರೆಜಿಲಿನ ಕಂಪಿನಾಸ್, ಇರಾನಿನ ಕರಜ್ ಮತ್ತು ಚೀನಾದ ಯುಂಚೆಂಗ್ ಎಂಬ ಐದು ಕಡೆ, ಯತ್ನದ ನಂತರ ತುರ್ತುಚಿಕಿತ್ಸೆಗೆ ಬಂದ 1,867 ಜನರೊಂದಿಗೆ ಒಂದು ಪ್ರಯೋಗ ನಡೆಸಿತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆಗೆ, ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತುಕತೆ ಮತ್ತು ಮುಂದಿನ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನ್ ಕರೆ ಅಥವಾ ಭೇಟಿ. ಮಾತಾಡುವವರು ಮನೋವೈದ್ಯರೇ ಆಗಬೇಕಿರಲಿಲ್ಲ. ತರಬೇತಿ ಪಡೆದ ನರ್ಸ್ ಇದ್ದರೂ ಸಾಕಿತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, 18 ತಿಂಗಳ ಕೊನೆಗೆ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಹೋಗಿದ್ದರು. ಸಂಪರ್ಕದಲ್ಲಿದ್ದ ಗುಂಪಿನಲ್ಲಿ ಶೇ 0.2. ‘ಹೇಗಿದ್ದೀರಿ?’ ಎಂದು ಕೇಳುವ ಕರೆ ಇಷ್ಟು ಕೆಲಸ ಮಾಡೀತೇ ಎಂದು ನನಗೂ ಮೊದಲು ಅನುಮಾನವಿತ್ತು. ಮುಂದಿನ ಕೆಲವು ಪ್ರಯೋಗಗಳಲ್ಲಿ ಪರಿಣಾಮ ಇಷ್ಟು ದೊಡ್ಡದಾಗಿ ಕಂಡಿಲ್ಲವೆಂಬುದನ್ನೂ ಹೇಳಬೇಕು. ಆದರೆ ಇಷ್ಟು ಅಗ್ಗದ, ಇಷ್ಟು ಕಡಿಮೆ ಸಿಬ್ಬಂದಿ ಬೇಡುವ ಬೇರೆ ಉಪಾಯ ಇಲ್ಲಿ ಹೇಳಿದವುಗಳಲ್ಲಿ ಇನ್ನೊಂದಿಲ್ಲ.

ನಮ್ಮ ಮೂರು ಜಿಲ್ಲೆಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಸಂಕಟದಲ್ಲಿರುವವರು ಮಾತ್ರವಲ್ಲ, ಅವರ ಬಗ್ಗೆ ಕಳವಳಗೊಂಡ ಮನೆಯವರೂ ಮಾಡಬಹುದು. ಆದರೆ ಇದು ನಾವು ಮಾಡಬೇಕಾದ ಕರೆ. ಚೆನ್ನೈ, ಕೊಲಂಬೊಗಳ ಪ್ರಯೋಗದಲ್ಲಿದ್ದುದು ಆಸ್ಪತ್ರೆಯಿಂದ ಬರುವ ಕರೆ.

ಆ ಒಂಬತ್ತು ಸಂಪರ್ಕಗಳ ವೇಳಾಪಟ್ಟಿ ಹೀಗಿತ್ತು: 1, 2, 4, 7, 11ನೇ ವಾರಗಳು, ಬಳಿಕ 4, 6, 12, 18ನೇ ತಿಂಗಳುಗಳು. ಅಫಜಲಪುರದ ಒಬ್ಬ ಯುವಕ ತೊಗರಿ ಹೂಬಿಡುವ ಅಕ್ಟೋಬರ್ ಕೊನೆಯಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದನೆಂದು ಭಾವಿಸಿದರೆ, ಮೊದಲ ಮೂರು ಕರೆಗಳು ನವೆಂಬರಿನಲ್ಲೇ ಮುಗಿಯುತ್ತವೆ. ಏಳನೆಯ ವಾರದ್ದು ಎಳ್ಳು ಅಮಾವಾಸ್ಯೆಯ ಆಸುಪಾಸು, ಹನ್ನೊಂದನೆಯದು ರಾಶಿ ಮುಗಿದು ಸಾಲದವರು ಮನೆಗೆ ಬರುವ ಹೊತ್ತಿಗೆ, ನಾಲ್ಕನೆಯ ತಿಂಗಳಿನದು ಶರಣಬಸವೇಶ್ವರ ಜಾತ್ರೆಗೆ ತುಸು ಮುಂಚೆ. ಆರನೆಯ ತಿಂಗಳೆಂದರೆ ಏಪ್ರಿಲ್ ಕೊನೆ. ಅಷ್ಟರಲ್ಲಿ ಆತ ಗುಳೆ ಹೋಗಿ ಬೆಂಗಳೂರಿನದೋ ಪುಣೆಯದೋ ಕಟ್ಟಡದ ಕೆಲಸದಲ್ಲಿರುತ್ತಾನೆ, ಸಿಮ್ ಬದಲಾಗಿರುತ್ತದೆ. ಅಧ್ಯಯನದ ವಹಿಯಲ್ಲಿ ಅಂಥವರ ಹೆಸರಿನ ಮುಂದೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುತ್ತಾರೆ; ಹಾಗೆ ತಪ್ಪಿಹೋದವರು ಉಳಿದವರಂತೆಯೇ ಇದ್ದಾರೆಂದು ಭಾವಿಸಿ ತೆಗೆದ ಶೇಕಡಾವಾರು ಅಪಾಯವನ್ನು ನಿಜಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಸಾಲ, ಕುಡಿತ, ಮನೆಯ ಜಗಳ ಯಾರನ್ನು ಊರು ಬಿಡಿಸುತ್ತದೆಯೋ ಅವರೇ ಮೊದಲು ವಹಿಯಿಂದಲೂ ಜಾರುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಅನುಸರಣೆ ಶುರುವಾಗುವುದಾದರೆ, ಡಿಸ್ಚಾರ್ಜ್ ಕಾರ್ಡಿನ ಮೇಲೆ ಆತನ ಮೊಬೈಲ್ ಸಂಖ್ಯೆಯ ಜೊತೆಗೆ, ಆತನ ಒಪ್ಪಿಗೆ ಪಡೆದು, ಊರಲ್ಲೇ ಉಳಿಯುವ ಇನ್ನೊಬ್ಬರ ಸಂಖ್ಯೆಯನ್ನೂ ಬರೆದುಕೊಳ್ಳಬೇಕಾಗುತ್ತದೆ.